ಹಳೇ ಚಿನ್ನದ ನಾಣ್ಯ: ಹುಟ್ಟು ಹೊಳಪು ಯಾವುದು, ಉಜ್ಜಿದ ಹೊಳಪು ಯಾವುದು?

ತೋಟದಮನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಅಜ್ಜಿ ತೀರಿಕೊಂಡು ವರ್ಷವಾಯಿತು. ಮೊನ್ನೆ ವರ್ಷದ ಕಾರ್ಯ ಮುಗಿದ ಮೇಲೆ ಅವರ ಕಬ್ಬಿಣದ ಟ್ರಂಕು ತೆಗೆದೆವು. ಸೀರೆಗಳ ಅಡಿಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ, ಅದರೊಳಗೆ ಹಳೇ ಬಟ್ಟೆಯ ಗಂಟು. ಗಂಟಲ್ಲಿ ಆರು ಪವನು (ಬ್ರಿಟಿಷ್ ಸಾವರಿನ್ ನಾಣ್ಯ), ಒಂದು ವರಹ, ಕಾಳುಮೆಣಸಿಗಿಂತ ಚೂರು ಅಗಲದ, 'ಹಣ' ಅನ್ನೋ ಏಳು ಪುಟ್ಟ ಚಿನ್ನದ ನಾಣ್ಯ ಇದ್ದವು. ಐದು ಪವನಿಗೆ ಕೊಂಡಿ ಇದೆ, ಕಾಸಿನ ಸರದಿಂದ ಬಿಚ್ಚಿದವು. ಒಂದಕ್ಕೆ ಮಾತ್ರ ಕೊಂಡಿ ಇಲ್ಲ, ಬೆಸುಗೆಯ ಗುರುತೂ ಇಲ್ಲ.

ಪೇಟೆಯ ಚಿನ್ನದಂಗಡಿಗೆ ತೋರಿಸಿದೆ. ಎಲ್ಲಾ ಸೇರಿಸಿ ತೂಕಕ್ಕೆ ಹಾಕಿ ಒಂದು ರೇಟು ಹೇಳಿದರು. "ಮಾರೋದಿಲ್ಲ ಅಂದ್ರೆ ಕೊಡಿ, ಕೊಂಡಿ ಕತ್ತರಿಸಿ ಅರ ಹಾಕಿ ಮೆರುಗು ಕೊಡ್ತೀನಿ, ಹೊಸದರ ಥರ ಆಗುತ್ತೆ" ಅಂದರು. ಚಿಕ್ಕಪ್ಪ ಮಾಡಿಸು ಅಂತಾರೆ. ನನಗೆ ಮನಸ್ಸು ಒಪ್ಪಲಿಲ್ಲ, ಎರಡು ದಿನ ಟೈಮ್ ಕೇಳಿ ಬಂದೆ. ಇವು ಅಸಲಿಯಾ ಅಂತ ಮನೆಯಲ್ಲೇ ತಿಳಿಯೋಕೆ ಆಗುತ್ತಾ? ಪಾಲಿಶ್ ಮಾಡಿಸಿದರೆ ಬೆಲೆ ಏರುತ್ತಾ, ಇಳಿಯುತ್ತಾ?

ಟಂಕಸಾಲೆ (ಹಾಸನ)

ಮೊದಲು ಒಂದು ಕೆಲಸ ಮಾಡಿ. ನಾಣ್ಯಗಳನ್ನು ಅಂಗಡಿಯಿಂದ ತಂದಿದ್ದೀರಿ ಅಲ್ವಾ? ಹಾಗೇ ಇಟ್ಟುಬಿಡಿ. ಬಟ್ಟೆಯಲ್ಲಿ ಒರೆಸೋದೂ ಬೇಡ. ಇಪ್ಪತ್ತೈದು ವರ್ಷದಿಂದ ಈ ಹುಚ್ಚು ಹಚ್ಚಿಕೊಂಡಿದ್ದೇನೆ, ಹಾಗಾಗಿ ಕೈಮುಗಿದು ಕೇಳ್ತಿದ್ದೇನೆ.

ಶುರುವಿನ ದಿನಗಳಲ್ಲಿ ನನ್ನ ಕೈಗೆ ಕೃಷ್ಣದೇವರಾಯರ ಒಂದು ವರಹ ಬಂದಿತ್ತು. ಬೆಣ್ಣೆಮುದ್ದೆ ಹಿಡಿದು ಕೂತ ಬಾಲಕೃಷ್ಣ, ಅಕ್ಕಪಕ್ಕ ಶಂಖ, ಚಕ್ರ. ಹಿಂಬದಿಯಲ್ಲಿ ನಾಗರಿ ಲಿಪಿಯ ಮೂರು ಸಾಲು, "ಶ್ರೀ ಪ್ರತಾಪ ಕೃಷ್ಣರಾಯ". ಅಕ್ಷರಗಳ ಸಂದಿನಲ್ಲಿ ಕೆಂಪು ಮಣ್ಣು ಕೂತಿತ್ತು. ಅದು ಕೊಳೆ ಅಂದುಕೊಂಡು ಹಲ್ಲುಪುಡಿ ಹಾಕಿ, ಹಳೇ ಬ್ರಷ್ಷಿನಲ್ಲಿ ಹತ್ತು ನಿಮಿಷ ಉಜ್ಜಿದೆ. ಫಳಫಳ ಹೊಳೆಯಿತು. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಲೂಪ್ (ಪುಟ್ಟ ಭೂತಗನ್ನಡಿ) ಕಣ್ಣಿಗಿಟ್ಟು ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು. ಆಮೇಲೆ ನಾನೇ ಲೂಪಿನಲ್ಲಿ ನೋಡಿದೆ. ಕೃಷ್ಣನ ಮೈತುಂಬ ಕೂದಲೆಳೆಯಂಥ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಐನೂರು ವರ್ಷ ಮಣ್ಣಲ್ಲಿದ್ದು ಆಗದ ಹಾನಿಯನ್ನು ನಾನು ಹತ್ತು ನಿಮಿಷದಲ್ಲಿ ಮಾಡಿದ್ದೆ. ಆ ವರಹ ಇವತ್ತೂ ನನ್ನ ಹತ್ತಿರ ಇದೆ. ಮಾರೋಕೆ ಮನಸ್ಸಿಲ್ಲ, ಹೊಸಬರಿಗೆ ತೋರಿಸೋಕೆ ಇಟ್ಟಿದ್ದೇನೆ.

ಈಗ ಹೊಳಪಿನ ವಿಷಯ. ಅಚ್ಚು ಬಿಲ್ಲೆಯ ಮೇಲೆ ಒತ್ತಿದಾಗ ಚಿನ್ನ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಸಣ್ಣಸಣ್ಣ ಗೆರೆಗಳು ಮೇಲ್ಮೈಯಲ್ಲಿ ಉಳಿಯುತ್ತವೆ, ಬರಿಗಣ್ಣಿಗೆ ಕಾಣಲ್ಲ. ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಬಲ್ಬ್ ಹಚ್ಚಿ. ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಬಲ್ಬಿನ ಕೆಳಗೆ ನಿಧಾನವಾಗಿ ಓರೆ ಮಾಡುತ್ತಾ ತಿರುಗಿಸಿ. ಬೆಳಕಿನ ಒಂದು ಪಟ್ಟಿ ಗಾಡಿಚಕ್ರದ ಕಡ್ಡಿ ಸುತ್ತಿದ ಹಾಗೆ ನಾಣ್ಯದ ಮೇಲೆ ಸುತ್ತಬೇಕು. ಅದು ಟಂಕಸಾಲೆಯಲ್ಲಿ ಹುಟ್ಟಿದ ಹೊಳಪು. ಪಾಲಿಶ್ ಮಾಡಿದ ನಾಣ್ಯದಲ್ಲಿ ಆ ಗೆರೆಗಳು ಸವೆದು ಹೋಗಿರುತ್ತವೆ. ಬೆಳಕು ಬಿದ್ದಲ್ಲೇ ನಿಲ್ಲುತ್ತದೆ, ಕನ್ನಡಿಯ ಮೇಲೆ ಬಿದ್ದ ಹಾಗೆ ಎಲ್ಲೆಡೆ ಒಂದೇ ಸಮ ಮಿನುಗುತ್ತದೆ. ಒಮ್ಮೆ ಹೋದ ಗೆರೆ ಯಾವ ಆಚಾರಿಯ ಕೈಯಿಂದಲೂ ವಾಪಸ್ ಬರಲ್ಲ.

ಕೊಂಡಿ ಇಲ್ಲದ ಪವನಿನ ಎರಡೂ ಕಡೆ ಫೋಟೋ ಹಾಕಿ. ವರಹದ್ದೂ ಹಾಕಿ.

ಒರೆಗಲ್ಲು (ಚಿಕ್ಕಮಗಳೂರು)

ನಮ್ಮದು ಮೂರು ತಲೆಮಾರಿನ ಚಿನ್ನದ ಕೆಲಸ. ಮೇಲಿನವರು ಹೇಳಿದ್ದು ಸರಿ. ನಮ್ಮ ಕಡೆಯಿಂದ ಒಂದು ಮಾತು ಸೇರಿಸ್ತೀನಿ. ಅಂಗಡಿಗೆ ಹೋದರೆ ಒರೆಗಲ್ಲಿಗೆ ತಿಕ್ಕೋಕೆ ಬಿಡಬೇಡಿ. ಒಡವೆಗೆ ಅದು ಸರಿ, ಏಕೆಂದರೆ ಒಳಭಾಗದಲ್ಲಿ ಎಲ್ಲೋ ಒಂದು ಕಡೆ ತಿಕ್ಕುತ್ತೇವೆ. ನಾಣ್ಯದಲ್ಲಿ ಒಳಭಾಗ ಅನ್ನೋದೇ ಇಲ್ಲ, ಅಂಚಿಗೆ ತಿಕ್ಕಿದರೆ ಅಂಚಿನ ಹಲ್ಲು ಹೋಯಿತು.

ಚಿನ್ನದ ಶುದ್ಧತೆ ತೋರಿಸುವ ಕ್ಯಾರೆಟ್ ಮಷೀನ್ ನಾಣ್ಯಕ್ಕೆ ಗಾಯ ಮಾಡಲ್ಲ, ಅಲ್ಲಿ ಕೇಳಿ ನೋಡಿಸಬಹುದು. ಆದರೆ ಅದು ನೋಡೋದು ಮೇಲಿನ ಪದರವನ್ನು ಮಾತ್ರ. ಬಹಳ ಕಾಲ ಮಣ್ಣಲ್ಲಿದ್ದ ನಾಣ್ಯದ ಮೇಲ್ಮೈಯಿಂದ ತಾಮ್ರ, ಬೆಳ್ಳಿ ಕರಗಿ ಹೋಗಿರುತ್ತದೆ, ಹಾಗಾಗಿ ಮಷೀನ್ ಒಳಗಿರೋದಕ್ಕಿಂತ ಜಾಸ್ತಿ ಚಿನ್ನ ತೋರಿಸಬಹುದು. ದಪ್ಪ ಗಿಲೀಟಿಗೂ ಮೋಸ ಹೋಗಬಹುದು.

ಲೆಕ್ಕದವ (ಕಡೂರು)

ಬೇಜಾರಾಗಬೇಡಿ, ನೇರವಾಗಿ ಕೇಳ್ತೀನಿ. 22 ಕ್ಯಾರೆಟ್ ಚಿನ್ನ ಅಂದ್ರೆ 22 ಕ್ಯಾರೆಟ್ ಚಿನ್ನ. ಗೀರು ಬಿದ್ದರೆ ಗ್ರಾಂ ಕಡಿಮೆ ಆಗುತ್ತಾ? ನಮ್ಮ ಮನೆಯಲ್ಲಿ ತಂಗಿ ಮದುವೆಗೆ ನಾಲ್ಕು ಪವನು ಕರಗಿಸಿ ಬಳೆ ಮಾಡಿಸಿದ್ವಿ. ಯಾರಿಗೂ ನಷ್ಟ ಅನ್ನಿಸಲಿಲ್ಲ.

ಟಂಕಸಾಲೆ (ಹಾಸನ)

ಇದರಲ್ಲಿ ಬೇಜಾರು ಏನೂ ಇಲ್ಲ. ನೀವು ಕರಗಿಸಿದ ನಾಲ್ಕೂ ಕೊಂಡಿ ಹಾಕಿದ, ಸವೆದ, ಸಾಮಾನ್ಯ ಇಸವಿಯ ಪವನುಗಳಾಗಿದ್ದರೆ ನಿಮಗೆ ನಿಜಕ್ಕೂ ನಷ್ಟವಾಗಿಲ್ಲ. ಅಂಥವಕ್ಕೆ ಚಿನ್ನದ ಬೆಲೆಯೇ ಬೆಲೆ, ಅದನ್ನು ದೊಡ್ಡದು ಮಾಡಿ ಹೇಳೋದು ತಪ್ಪು. ಆದರೆ ಒಮ್ಮೆಯೂ ಕೈ ಬದಲಾಗದೆ ಉಳಿದ ನಾಣ್ಯ ಇದ್ದರೆ ಕತೆ ಬೇರೆ. ನೂರಾರು ಸಾವಿರ ಜನರ ಜೇಬಿನಲ್ಲಿ ಸವೆದು, ಸರಗಳಲ್ಲಿ ನೇತಾಡಿ, ಕುಲುಮೆಯಲ್ಲಿ ಕರಗಿ ಹೋದವುಗಳ ನಡುವೆ ಅದೊಂದು ಹುಟ್ಟಿದ ದಿನದ ಹಾಗೇ ಉಳಿದಿರುತ್ತದೆ. ಸಂಗ್ರಾಹಕ ಹೆಚ್ಚು ಕೊಡೋದು ಆ ಉಳಿವಿಗೆ. ಅದಕ್ಕೇ ಕರಗಿಸುವ ಮುಂಚೆ ಒಂದು ಸಲ ನೋಡಿ ಅನ್ನೋದು.

ತೋಟದಮನೆ (ಮೂಡಿಗೆರೆ)

ಫೋಟೋ ಹಾಕಿದ್ದೇನೆ. ಕೊಂಡಿ ಇಲ್ಲದ್ದು 1918ರದು. ಕುದುರೆ ಸವಾರ ಹಾವಿನಂಥ ಪ್ರಾಣಿಯನ್ನು ತಿವೀತಿದ್ದಾನೆ, ಕೆಳಗೆ ಇಸವಿ, ಇಸವಿಗೆ ಮೇಲೆ ನೆಲದ ಗೆರೆಯಲ್ಲಿ ಚಿಕ್ಕ ಒಂದು ಕಡ್ಡಿಯ ಗುರುತು. ಅದು ಗೀರೋ ಅಕ್ಷರವೋ ಗೊತ್ತಾಗ್ತಿಲ್ಲ. ಬಲ್ಬಿನ ಕೆಳಗೆ ತಿರುಗಿಸಿದೆ. ನೀವು ಹೇಳಿದ ಪಟ್ಟಿ ಬಂತು ಸರ್! ಅಮ್ಮನನ್ನು ಕರೆದು ತೋರಿಸಿದೆ. ಕೊಂಡಿಯ ಐದರಲ್ಲಿ ಬರಲಿಲ್ಲ.

ವರಹದ ಒಂದು ಕಡೆ ಶಿವ ಪಾರ್ವತಿ. ಇನ್ನೊಂದು ಕಡೆ ಪೂರಾ ಚುಕ್ಕೆಗಳು, ನಡುವೆ ಕೊಕ್ಕೆಯಂಥ ಒಂದು ಗುರುತು. ಅಜ್ಜಿ ಇದನ್ನು ಇಕ್ಕೇರಿ ವರಹ ಅಂತಿದ್ದರು.

ಟಂಕಸಾಲೆ (ಹಾಸನ)

ಆ ಕಡ್ಡಿ ಗೀರಲ್ಲ, ಇಂಗ್ಲಿಷಿನ 'ಐ' ಅಕ್ಷರ. ಇಂಡಿಯಾ ಅಂತ. 1918ರಲ್ಲಿ ಬಾಂಬೆಯಲ್ಲಿ ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟಿನ ಶಾಖೆ ಶುರುವಾಯಿತು, ಅಲ್ಲಿ ಹೊಡೆದ ಪವನುಗಳ ಮೇಲೆ ಇರೋದು ಆ ಒಂದೇ ಇಸವಿ, ಸುಮಾರು 13 ಲಕ್ಷ ಹೊಡೆದರು. ಸಿಡ್ನಿಯದಕ್ಕೆ 'ಎಸ್', ಮೆಲ್ಬರ್ನ್‌ಗೆ 'ಎಂ', ಪರ್ತ್‌ಗೆ 'ಪಿ' ಇರುತ್ತದೆ, ಲಂಡನ್ನಿನದಕ್ಕೆ ಅಕ್ಷರವೇ ಇಲ್ಲ. ನಮ್ಮ ನೆಲದಲ್ಲೇ ಹುಟ್ಟಿದ ಪವನು ಒಂದು ಬಾಟಲಿಯಲ್ಲಿ ಹೀಗೆ ಕಾದು ಕೂತಿತ್ತಲ್ಲ, ನನಗೆ ತುಂಬಾ ಸಂತೋಷವಾಯಿತು.

ಸವಕಳಿ ಮೊದಲು ಎಲ್ಲಿ ಶುರುವಾಗುತ್ತದೆ ಅಂತ ತಿಳಿದಿದ್ದರೆ ದರ್ಜೆ ಅರ್ಧ ಗೊತ್ತಾದಂತೆ. ಈ ನಾಣ್ಯದಲ್ಲಿ ಅರಸ ಐದನೇ ಜಾರ್ಜ್‌ನ ಕೆನ್ನೆಮೂಳೆ, ಹುಬ್ಬು, ಕಿವಿಯ ಮೇಲಿನ ಕೂದಲು ನೋಡಿ. ಹಿಂಬದಿಯಲ್ಲಿ ಸವಾರನ ಶಿರಸ್ತ್ರಾಣ, ತೊಡೆ, ಕುದುರೆಯ ಎದೆ. ಉಬ್ಬಿದ ಜಾಗಗಳೇ ಮೊದಲು ತಿಕ್ಕಿಸಿಕೊಳ್ಳೋದು. ಅಲ್ಲಿನ ಬಣ್ಣ ಸುತ್ತಲಿನದಕ್ಕಿಂತ ಮಂಕಾಗಿ, ಬೆಳಕಿನ ಪಟ್ಟಿ ಅಲ್ಲಿ ಕಡಿದು ಹೋದರೆ ನಾಣ್ಯ ಬಳಕೆಯಾಗಿದೆ ಅಂತ ಅರ್ಥ. ನಿಮ್ಮ ಫೋಟೋದಲ್ಲಿ ಕೆನ್ನೆಯ ಮೇಲೂ ಪಟ್ಟಿ ಓಡ್ತಿದೆ. ಕತ್ತಿನ ಮುಂದೆ ಎರಡು ಸಣ್ಣ ಪೆಟ್ಟು ಇವೆ, ಚೀಲದಲ್ಲಿ ಬೇರೆ ನಾಣ್ಯ ತಾಗಿದ ಗುರುತು. ಅಂಥವು ಟಂಕಸಾಲೆಯಲ್ಲೇ ಆಗುತ್ತವೆ, ಅದರಿಂದ ಮಾನ ಹೋಗಲ್ಲ. ಅಂಚಿನ ಹತ್ತಿರ ಕಾಣುವ ಕೆಂಪು ಚುಕ್ಕೆ ಮಿಶ್ರದ ತಾಮ್ರದ್ದು. ದಯವಿಟ್ಟು ಅದನ್ನು ಕೆರೆಯಬೇಡಿ.

ವರಹಕ್ಕೆ ಬರೋಣ. ಅಜ್ಜಿ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಶಿವ ಪಾರ್ವತಿಯರ ಅಚ್ಚು ಇಕ್ಕೇರಿ ನಾಯಕರದು, ಅವರ ವರಹದ ಹಿಂದೆ ನಾಗರಿಯಲ್ಲಿ "ಶ್ರೀ ಸದಾಶಿವ" ಅಂತ ಇರುತ್ತದೆ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದ. ಜನ ನಂಬಿದ ನಾಣ್ಯವನ್ನು ಆತ ಕೆಡಿಸಲಿಲ್ಲ, ಮುಂಬದಿಯ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು ಹಿಂಬದಿಗೆ ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ಆ ಕೊಕ್ಕೆ ಅದೇ. ಇದನ್ನು ಬಹಾದುರಿ ವರಹ ಅಂತಲೂ ಕರೀತಾರೆ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಶಿವ ಪಾರ್ವತಿ ಮುಂದುವರಿದರು, ಹಿಂಬದಿಗೆ "ಶ್ರೀ ಕೃಷ್ಣರಾಜ" ಬಂತು. ಅದಕ್ಕೇ ವರಹದ ವಂಶ ತಿಳಿಯೋಕೆ ಹಿಂಬದಿ ನೋಡಬೇಕು.

ಈಗ ಎಲ್ಲವನ್ನೂ ತೂಗಿ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು. ಪವನು ಹೊಸದಿದ್ದಾಗ 7.988 ಗ್ರಾಂ, ಅಗಲ 22.05 ಮಿಲಿಮೀಟರ್. ಸವೆದು 7.937ಕ್ಕಿಂತ ಕೆಳಗೆ ಇಳಿದರೆ ಹಿಂದೆ ಅದು ಚಲಾವಣೆಗೇ ಸಲ್ಲುತ್ತಿರಲಿಲ್ಲ. ತೂಗಿದ ಮೇಲೆ ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳ, ಗೋಡೆ ಯಾವುದಕ್ಕೂ ತಾಗದಂತೆ ಇಳಿಬಿಡಿ. ಮೈಗೆ ಗಾಳಿಗುಳ್ಳೆ ಅಂಟಿರಬಾರದು. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಪವನಿಗೆ 17.6ರ ಆಸುಪಾಸು ಬರಬೇಕು. ಹಿತ್ತಾಳೆಯಾದರೆ 8.5ರ ಹತ್ತಿರ ನಿಲ್ಲುತ್ತದೆ.

ವರಹಕ್ಕೆ ಈ ಲೆಕ್ಕ ಒರಟು. 3.4 ಗ್ರಾಂ ವರಹ ತಳ್ಳುವ ನೀರು 0.19 ಗ್ರಾಂ. ತಕ್ಕಡಿ ಒಂದು ಅಂಕಿ ಆಚೀಚೆ ತೋರಿಸಿದರೆ ಉತ್ತರ 17 ಆಗಬಹುದು, 18.9 ಕೂಡ ಆಗಬಹುದು. ಹಣಗಳಿಗಂತೂ ಮಾಡಲೇಬೇಡಿ, ಅವು ಮೂರನೇ ಒಂದು ಗ್ರಾಂ ಮಾತ್ರ ತೂಗುತ್ತವೆ.

ಕಲ್ಲಕ್ಷರ (ಬೇಲೂರು)

ಹಣಗಳ ಫೋಟೋ ಸ್ವಲ್ಪ ಹತ್ತಿರದಿಂದ ಹಾಕಿ. ಒಂದರಲ್ಲಿ ನರಸಿಂಹ ಕೂತಿರೋದು ಕಾಣ್ತಿದೆ, ಕಂಠೀರಾಯಿ ಹಣ ಇರಬೇಕು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಶುರು ಮಾಡಿದ್ದು.

ನಾನು ಹೈಸ್ಕೂಲ್ ಮೇಷ್ಟ್ರು, ನಮ್ಮ ಕಡೆ ಆಗಾಗ ಜನ ಹೊಯ್ಸಳರ ಚಿನ್ನದ ನಾಣ್ಯ ಅಂತ ಹಿಡಿದು ತರ್ತಾರೆ, ಅದಕ್ಕೆ ಎರಡು ಮಾತು. ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡು ಗೆದ್ದ, ಮರುವರ್ಷವೇ ನಮ್ಮೂರ ಚೆನ್ನಕೇಶವನ ಪ್ರತಿಷ್ಠೆ. ಆತನ ನಾಣ್ಯದ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹಳೆಯ ಕನ್ನಡ ಅಕ್ಷರಗಳಲ್ಲಿ "ಶ್ರೀ ತಳಕಾಡುಗೊಂಡ". "ಶ್ರೀ ನೊಳಂಬವಾಡಿಗೊಂಡ" ಅಂತ ಇರೋದೂ ಉಂಟು. ಅರಸನ ಹೆಸರಿಲ್ಲ, ಗೆದ್ದ ನಾಡಿನ ಬಿರುದು ಮಾತ್ರ.

ಖೋಟಾ ಮಾಡುವವನು ಸಿಂಹವನ್ನು ಚೆನ್ನಾಗಿ ಕೆತ್ತಬಲ್ಲ. ಅಕ್ಷರದಲ್ಲಿ ಸಿಕ್ಕಿಬೀಳ್ತಾನೆ. ಅವನು ಬರೆಯೋದು ನಮ್ಮ ಪಠ್ಯಪುಸ್ತಕದ ಕನ್ನಡ. ತಲೆಕಟ್ಟು ಈಗಿನದು, ಗೊಂಡದ 'ಗೊ' ಈಗಿನದು. ನಾಣ್ಯ ಕೊಳ್ಳುವ ಆಸೆ ಇರೋರು ಮೊದಲು ದೇವಸ್ಥಾನದ ಶಾಸನದ ಮುಂದೆ ಒಂದು ಭಾನುವಾರ ಕೂತು ಬನ್ನಿ, ಆ ಕಾಲದ 'ಶ್ರೀ' ಹೇಗಿತ್ತು ಅಂತ ಕಣ್ಣಿಗೆ ಅಚ್ಚಾಗಲಿ. ಒಮ್ಮೆ ಅಚ್ಚಾದರೆ ತಪ್ಪು ಅಕ್ಷರ ದೂರದಿಂದಲೇ ಚುಚ್ಚುತ್ತೆ.

ಇನ್ನೊಂದು, ಸುತ್ತಿಗೆಯಲ್ಲಿ ಹೊಡೆದ ಕಾಲದ ನಾಣ್ಯದಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿತ್ತು. ಒಂದು ಕಡೆ ಅಕ್ಷರ ಅಂಚಿನಾಚೆ ಹೋಗಿರುತ್ತದೆ, ಇನ್ನೊಂದು ಕಡೆ ಖಾಲಿ. ಎಲ್ಲ ಅಕ್ಷರ ತುಂಬಿ, ಕಂಪಾಸಿನಲ್ಲಿ ಬರೆದಷ್ಟು ದುಂಡಗೆ ಇದ್ದರೆ ನನಗೆ ಖುಷಿಗಿಂತ ಮೊದಲು ಅನುಮಾನ ಬರುತ್ತೆ. ಪೂರ್ತಿ ಅಚ್ಚು ಬಿದ್ದ ಅಸಲಿಯೂ ಇವೆ, ಇಲ್ಲ ಅಂತಲ್ಲ.

ಅರಸೀಕೆರೆಯವ

ಯಾರಾದರೂ ಕೊಳ್ಳೋ ಯೋಚನೆಯಲ್ಲಿ ಇದನ್ನು ಓದ್ತಿದ್ದರೆ ನಮ್ಮ ಮಾವನ ಕತೆ ಕೇಳಿ. ಹತ್ತು ವರ್ಷದ ಹಿಂದೆ ಒಂದು ಫೋನು ಬಂತು. "ಮನೆ ಪಾಯ ತೋಡುವಾಗ ಕುಡಿಕೆ ಸಿಕ್ಕಿದೆ, ನಾವು ಬಡವರು, ಮಾರೋಕೆ ಗೊತ್ತಾಗಲ್ಲ" ಅಂತ. ಬಸ್‌ಸ್ಟ್ಯಾಂಡಿಗೆ ಬಂದು ಎರಡು ನಾಣ್ಯ ಕೈಗಿಟ್ಟರು, ಬೇಕಾದ ಕಡೆ ಪರೀಕ್ಷೆ ಮಾಡಿಸಿ ಅಂದರು. ಮಾಡಿಸಿದರು, ಅಪ್ಪಟ ಚಿನ್ನ. ಮಾವ ಅಡಿಕೆ ಮಾರಿದ ದುಡ್ಡೆಲ್ಲ ತೆಗೆದುಕೊಂಡು ಹೋಗಿ ಒಂದು ಗಂಟು ತಂದರು. ಗಂಟಲ್ಲಿ ಇದ್ದದ್ದು ಹಿತ್ತಾಳೆ. ಆ ವರ್ಷ ಅವರು ಮನೆಯಿಂದ ಹೊರಗೇ ಬರಲಿಲ್ಲ, ಅತ್ತೆ ಇವತ್ತಿಗೂ ಆ ಮಾತೆತ್ತಿದರೆ ಎದ್ದು ಹೋಗ್ತಾರೆ.

ನಿಜವಾಗಲೂ ನೆಲದಲ್ಲಿ ಸಿಕ್ಕಿದ್ದಾದರೂ ಮಾರುವಂತಿಲ್ಲ. ಅದಕ್ಕೆ ನಿಧಿ ಕಾಯ್ದೆ ಇದೆ, ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು.

ತೋಟದಮನೆ (ಮೂಡಿಗೆರೆ)

ತೂಗಿದೆ. 1918ರದು 7.98, ನೀರಲ್ಲಿ 0.45. ಭಾಗಿಸಿದರೆ 17.7. ವರಹ 3.38. ಕೊಂಡಿಯವು ಕೊಂಡಿ ಸೇರಿ 8.3 ಆಸುಪಾಸು, ನೀರಲ್ಲಿ ಎಲ್ಲ 0.47, 0.48. ಹಾಗಾದರೆ ಎಲ್ಲವೂ ಅಸಲಿ ತಾನೇ?

ಒಂದು ವಿಚಿತ್ರ. ಕೊಂಡಿಯವುಗಳಲ್ಲಿ ಎರಡು ಒಂದೇ ಇಸವಿಯವು. ಎರಡರಲ್ಲೂ ಅರಸನ ಕತ್ತಿನ ಹಿಂದೆ ಅರ್ಧಚಂದ್ರದಂಥ ಸಣ್ಣ ತಗ್ಗು ಇದೆ. ಮಗಳ ಸ್ಕೂಲಿನ ಭೂತಗನ್ನಡಿಯಲ್ಲಿ ನೋಡಿದೆ, ಒಂದೇ ಜಾಗ, ಒಂದೇ ಆಕಾರ.

ಟಂಕಸಾಲೆ (ಹಾಸನ)

ಇದನ್ನು ಬರೆಯೋಕೆ ನನಗೂ ಸಂಕಟ, ಆದರೆ ಹೇಳಲೇಬೇಕು. ಆ ಎರಡು ಟಂಕಸಾಲೆಯವಲ್ಲ.

ಪೆಟ್ಟು ಬಿದ್ದು ಆಗುವ ತಗ್ಗು ಒಂದೊಂದು ನಾಣ್ಯಕ್ಕೆ ಒಂದೊಂದು ಥರ. ಎರಡು ನಾಣ್ಯಕ್ಕೆ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಪೆಟ್ಟು ಬೀಳಲ್ಲ. ಯಾರೋ ಒಂದು ಅಸಲಿ ಪವನನ್ನು ಮಾದರಿ ಇಟ್ಟುಕೊಂಡು ಅಚ್ಚು ತೆಗೆದಿದ್ದಾರೆ. ಆ ಮಾದರಿಯ ಮೇಲಿದ್ದ ಪೆಟ್ಟೂ ಅಚ್ಚಿಗೆ ಇಳಿದಿದೆ, ಅಲ್ಲಿಂದ ಹುಟ್ಟಿದ ಪ್ರತಿಯೊಂದಕ್ಕೂ ಹೋಗಿದೆ. ಹಿಂಬದಿ ನೋಡಿ, ಇಸವಿಯ ಬಲಕ್ಕೆ ಅಚ್ಚು ಕೆತ್ತಿದ ಪಿಸ್ಟ್ರುಚ್ಚಿಯ ಸಹಿ ಇದೆ, 'ಬಿ.ಪಿ.' ಅಂತ ಎರಡು ಪುಟಾಣಿ ಅಕ್ಷರ. ನಿಮ್ಮ 1918ರದರಲ್ಲಿ ಅದು ಸೂಜಿಯಲ್ಲಿ ಬರೆದ ಹಾಗಿದೆ. ಈ ಎರಡರಲ್ಲಿ ಬೆಲ್ಲ ಕರಗಿದ ಹಾಗೆ ಮೆತ್ತಗಾಗಿದೆ. ಸವೆದು ಮೆತ್ತಗಾದದ್ದಲ್ಲ ಅದು, ಏಕೆಂದರೆ ಆ ಅಕ್ಷರ ಇರೋದು ತಗ್ಗಿನಲ್ಲಿ, ಅದಕ್ಕಿಂತ ಮುಂಚೆ ಸವೆಯಬೇಕಾದ ಕುದುರೆಯ ಎದೆ ಚೆನ್ನಾಗೇ ಇದೆ.

ಚಿನ್ನ ಮಾತ್ರ ಅಪ್ಪಟ. ನೀರಿನ ಪರೀಕ್ಷೆ ಸುಳ್ಳು ಹೇಳಿಲ್ಲ, ಅದು ಲೋಹವನ್ನಷ್ಟೇ ಹೇಳುತ್ತದೆ. 1950, 60ರ ದಶಕಗಳಲ್ಲಿ ಲೆಬನಾನ್ ಕಡೆಯಿಂದ ಇಂಥವು ರಾಶಿ ರಾಶಿ ಬಂದವು, ಆಗ ಪವನಿಗೆ ಚಿನ್ನದ ಬೆಲೆಗಿಂತ ಹೆಚ್ಚು ಸಿಗುತ್ತಿತ್ತು, ಆ ಲಾಭಕ್ಕೆ ಅಸಲಿ ಚಿನ್ನದಲ್ಲೇ ಖೋಟಾ ಹೊಡೆದರು. ಅಜ್ಜಿಗೆ ಮೋಸ ಆಯಿತು ಅಂತ ನೊಂದುಕೊಳ್ಳಬೇಡಿ. ಅವರು ಚಿನ್ನ ಕೊಂಡರು, ಚಿನ್ನವೇ ಸಿಕ್ಕಿದೆ.

ಲೆಕ್ಕದವ (ಕಡೂರು)

ಈಗ ಅರ್ಥವಾಯಿತು. ಹಾಗಿದ್ರೆ ಆ 1918ರದನ್ನು ಅಮೆರಿಕಕ್ಕೆ ಕಳಿಸಿ ಗ್ರೇಡಿಂಗ್ ಮಾಡಿಸಿ, ಅಂದ್ರೆ ದರ್ಜೆ ನೋಡಿಸಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಂಬರ್ ಹಾಕಿಸಬಹುದಲ್ಲ? ಯೂಟ್ಯೂಬಲ್ಲಿ ನೋಡಿದೆ, 70ಕ್ಕೆ ಇಷ್ಟು ಅಂತ ಕೊಡ್ತಾರಂತೆ.

ಟಂಕಸಾಲೆ (ಹಾಸನ)

ಬೇಡ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಗ್ರೇಡಿಂಗಿಗೆ ಅಂದರೂ ಅಷ್ಟೇ. ಮಾರುವ ಮನಸ್ಸಾದರೆ ಪುರಾವಸ್ತು ವ್ಯಾಪಾರದ ಲೈಸೆನ್ಸ್ ಇರುವವರ ಹತ್ತಿರ ಹೋಗಿ, ರಸೀದಿ ತಗೊಳ್ಳಿ.

ಆ 70ರ ಲೆಕ್ಕವನ್ನು 1949ರಲ್ಲಿ ಶೆಲ್ಡನ್ ಅನ್ನುವವರು ಅಮೆರಿಕದ ತಾಮ್ರದ ಸೆಂಟುಗಳಿಗೆ ಅಂತ ಮಾಡಿದ್ದು, ಆಮೇಲೆ ಎಲ್ಲದಕ್ಕೂ ಹಬ್ಬಿತು. 60ರಿಂದ ಮೇಲೆ ಅಂದರೆ ಬಳಕೆಯಾಗದ್ದು. ಉಪಯೋಗದ ಅಳತೆಗೋಲೇ, ಆದರೆ ಪೆಟ್ಟಿಗೆಗೂ ಖೋಟಾ ಬಂದಿದೆ. ಒಂದೇ ನಂಬರಿನ ಎರಡು ನಾಣ್ಯ ಪಕ್ಕಪಕ್ಕ ಇಟ್ಟರೆ ಒಂದು ಕಣ್ಣು ತುಂಬುತ್ತೆ, ಒಂದು ತುಂಬಲ್ಲ. ಹೈದರನ ವರಹದಂಥ ಕೈಯಚ್ಚಿನ ನಾಣ್ಯಕ್ಕಂತೂ ಅಂಕಿಗಿಂತ ಅಚ್ಚು ಎಷ್ಟು ನಡುವೆ ಬಿದ್ದಿದೆ, ಶಿವ ಪಾರ್ವತಿಯರ ಮುಖ ಎಷ್ಟು ಉಳಿದಿದೆ, ಸಂದಿನ ಮಣ್ಣು ಹಾಗೇ ಇದೆಯಾ ಅನ್ನೋದೇ ಮುಖ್ಯ. ಇವರದರಲ್ಲಿ ಪಾರ್ವತಿಯ ಮುಖ ಸ್ವಲ್ಪ ಸವೆದಿದೆ, ಆಳದ ಸಂದಿನ ಮಣ್ಣು ಮಾತ್ರ ಉಳಿದಿದೆ. ನನ್ನ ಕೃಷ್ಣರಾಯನನ್ನು ಉಜ್ಜುವ ಮುಂಚೆ ಅದೂ ಹೀಗೇ ಇತ್ತು.

ತೋಟದಮನೆ (ಮೂಡಿಗೆರೆ)

ಮನೆಯಲ್ಲಿ ಕೂತು ಮಾತಾಡಿದೆವು. ಆ ಎರಡು ಖೋಟಾ ಪವನು ಚಿನ್ನದ ಬೆಲೆಗೆ ಕೊಡ್ತೇವೆ, ಖೋಟಾ ಅಂತ ಹೇಳಿಯೇ ಕೊಡ್ತೇವೆ. ಉಳಿದ ಮೂರು ಕೊಂಡಿಯವು ಮಗಳ ಸರಕ್ಕೆ, ಕೊಂಡಿ ಕತ್ತರಿಸಲ್ಲ. 1918ರದು, ವರಹ, ಹಣಗಳು ಮಾರಾಟಕ್ಕಿಲ್ಲ. ಚಿಕ್ಕಪ್ಪನೂ ಒಪ್ಪಿದರು.

ಆದರೆ ಅಮ್ಮನದು ಒಂದು ಪ್ರಶ್ನೆ. ಪ್ರತಿ ದೀಪಾವಳಿಗೆ ಅಜ್ಜಿ ವರಹವನ್ನು ಹುಣಸೆಹಣ್ಣಲ್ಲಿ ತೊಳೆದು, ಹಾಲೆರೆದು, ಅರಿಶಿನ ಕುಂಕುಮ ಇಟ್ಟು ಲಕ್ಷ್ಮೀಪೂಜೆ ಮಾಡ್ತಿದ್ದರು ಅಂತ ಅಮ್ಮ ಹೇಳ್ತಾರೆ. ಪೂಜೆ ನಿಲ್ಲಿಸೋಕೆ ಅವರು ಒಪ್ಪಲ್ಲ. ನಿಲ್ಲಿಸಿ ಅನ್ನೋಕೆ ನನಗೂ ಬಾಯಿ ಬರಲ್ಲ.

ಕಲ್ಲಕ್ಷರ (ಬೇಲೂರು)

ಪಾರ್ವತಿಯ ಮುಖ ಸವೆದದ್ದು ಆ ಹುಣಸೆಹಣ್ಣಿಗೆ ಇರಬಹುದು. ನಿಮ್ಮ ಅಜ್ಜಿಯ ಭಕ್ತಿಯ ಗುರುತು ಅದು, ಅದನ್ನು ನಾನು ದೋಷ ಅಂತ ಲೆಕ್ಕ ಹಾಕಲ್ಲ. ಇನ್ನು ಮುಂದೆ ಬೇಡ ಅಷ್ಟೇ.

ಟಂಕಸಾಲೆ (ಹಾಸನ)

ಪೂಜೆ ನಿಲ್ಲಿಸಬೇಕಿಲ್ಲ. ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿತ್ತು. ಅಕ್ರಿಲಿಕ್ ಕ್ಯಾಪ್ಸೂಲ್ ಸಿಗುತ್ತವೆ, ಪವನಿಗೆ 22 ಮಿಲಿಮೀಟರಿನದು ತಗೊಳ್ಳಿ. ವರಹಕ್ಕೆ ಅಳತೆ ತೆಗೆದು, ಸುತ್ತ ಫೋಮ್ ಉಂಗುರ ಇರುವಂಥದ್ದು ತಗೊಳ್ಳಿ, ಒಳಗೆ ಅಲುಗಾಡಬಾರದು. ಮೆತ್ತನೆಯ ಪಿವಿಸಿ ಕವರುಗಳಲ್ಲಿ ಮಾತ್ರ ಇಡಬೇಡಿ, ನಮ್ಮ ಮಲೆನಾಡಿನ ಥಂಡಿಗೆ ಅದು ಅಂಟಂಟಾಗಿ ಮಿಶ್ರದ ತಾಮ್ರವನ್ನು ಹಿಡಿಯುತ್ತೆ. ಹಾಲು, ಕುಂಕುಮ ಎಲ್ಲಾ ಕ್ಯಾಪ್ಸೂಲಿನ ಮೇಲೆ ಆಗಲಿ. ನಮ್ಮಮ್ಮ ಮೊದಲ ವರ್ಷ ಮುಖ ಗಂಟು ಹಾಕಿಕೊಂಡಿದ್ದರು. ಈಗ ಅವರೇ ಹಬ್ಬದ ಹಿಂದಿನ ದಿನ ಕ್ಯಾಪ್ಸೂಲ್ ಒರೆಸಿ ಇಡ್ತಾರೆ.

ತೋಟದಮನೆ (ಮೂಡಿಗೆರೆ)

ಅಮ್ಮನಿಗೆ ಓದಿ ಹೇಳಿದೆ. "ಮುಚ್ಚಳದ ಮೇಲೆ ಕುಂಕುಮ ಇಟ್ಟರೆ ಒಳಗಿರೋ ಪಾರ್ವತಿಗೆ ಸೇರುತ್ತಂತಾ ಕೇಳು" ಅಂದರು.

ಟಂಕಸಾಲೆ (ಹಾಸನ)

ಸೇರುತ್ತೆ ಅಂತ ಹೇಳಿ ಅಮ್ಮಾವ್ರಿಗೆ. ಈ ಹಬ್ಬಕ್ಕೆ ಹಾಸನಾಂಬೆ ದರ್ಶನಕ್ಕೆ ಈ ಕಡೆ ಬಂದರೆ ಅವರನ್ನೂ ಕರ್ಕೊಂಡು ಮನೆಗೆ ಬನ್ನಿ, ಲೂಪಿನಲ್ಲಿ ತೋರಿಸ್ತೀನಿ. ನನ್ನ ಗೀರು ಬಿದ್ದ ಬಾಲಕೃಷ್ಣನನ್ನೂ ನೋಡಿದ ಹಾಗಾಗುತ್ತೆ.